ಹಳೆಯ ಬಾಡಿಗೆ ಕೊಡುತ್ತೇವೆ, ಮನೆ ಬಿಡುವುದಿಲ್ಲ: ಗ್ಲಾಸ್ಗೋ ನಗರದ 1915ರ ಬಾಡಿಗೆ ಮುಷ್ಕರ

1915ರ ನವೆಂಬರ್ 17ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಷೆರಿಫ್ ನ್ಯಾಯಾಲಯದಲ್ಲಿ 18 ಮಂದಿ ಬಾಡಿಗೆದಾರರ ಮೇಲೆ ಹೂಡಿದ್ದ ಸಣ್ಣ ಮೊತ್ತದ ಸಾಲದ ದಾವೆ ವಿಚಾರಣೆಗೆ ಬಂದಿತು. ಬೇರೆ ಯಾವುದೇ ವರ್ಷವಾಗಿದ್ದರೆ ಅದು ನ್ಯಾಯಾಲಯದ ವಹಿಯಲ್ಲಿ ಕೆಲವು ಸಾಲುಗಳಾಗಿ ಉಳಿಯುತ್ತಿತ್ತು. ಆದರೆ ಆ ದಿನ ಹಡಗುಕಟ್ಟೆಗಳ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟು ನ್ಯಾಯಾಲಯದ ಸುತ್ತ ನೆರೆದರು, ದಾವೆ ಹಿಂದಕ್ಕೆ ಹೋಯಿತು, ಮತ್ತು ಅಲ್ಲಿಂದ 36 ದಿನಗಳೊಳಗೆ ಬ್ರಿಟನ್ನಿನ ಪಾರ್ಲಿಮೆಂಟು ಇಡೀ ದೇಶದ ಸಣ್ಣ ಮನೆಗಳ ಬಾಡಿಗೆಯನ್ನು ಮೊದಲ ಮಹಾಯುದ್ಧಕ್ಕೆ ಹಿಂದಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯಿದೆಯನ್ನು ಅಂಗೀಕರಿಸಿತು. ಪಾರ್ಲಿಮೆಂಟಿನ ಮತದಾನದ ಹಕ್ಕೇ ಇಲ್ಲದಿದ್ದ ಹೆಂಗಸರು ಮುಂದೆ ನಿಂತು ನಡೆಸಿದ ಹೋರಾಟ ಇಷ್ಟು ಬೇಗ ಕಾನೂನಾದದ್ದು ಹೇಗೆ, ಯಾವ ಯಾವ ತೀರ್ಮಾನಗಳು ಅದನ್ನು ಅಲ್ಲಿಗೆ ಮುಟ್ಟಿಸಿದವು ಎಂಬುದನ್ನು ಈ ಪ್ರಕರಣದಲ್ಲಿ ಪರಿಶೀಲಿಸಲಾಗಿದೆ.

ಸಾರ್ವಜನಿಕ ಜೀವನದಲ್ಲಿದ್ದವರ ಹೆಸರುಗಳನ್ನು ಮಾತ್ರ ಇಲ್ಲಿ ಬಳಸಲಾಗಿದೆ. ದಾವೆಗೆ ಒಳಗಾದ ಬಾಡಿಗೆದಾರರು, ದಾವೆ ಹೂಡಿದ ಬಾಡಿಗೆ ವಸೂಲಿಗಾರ, ಮನೆಯಿಂದ ಹೊರಹಾಕಲ್ಪಡುವ ಹಂತಕ್ಕೆ ಬಂದಿದ್ದ ಸೈನಿಕನ ಕುಟುಂಬ ಇವರೆಲ್ಲ ಹೆಸರಿಲ್ಲದೆಯೇ ಬರುತ್ತಾರೆ. ಅವರ ಪರಿಸ್ಥಿತಿ ಆ ಊರಿನ ಸಾವಿರಾರು ಮನೆಗಳದ್ದೂ ಆಗಿದ್ದುದರಿಂದ ಹೆಸರಿಲ್ಲದಿದ್ದರೆ ಕಲಿಕೆಗೆ ಏನೂ ಕೊರತೆಯಾಗುವುದಿಲ್ಲ.

ಹಿನ್ನೆಲೆ

ಗ್ಲಾಸ್ಗೋ ನಗರದ ದುಡಿಯುವ ಜನ ವಾಸಿಸುತ್ತಿದ್ದುದು ಟೆನೆಮೆಂಟ್ ಎಂದು ಕರೆಯುವ ಕಲ್ಲಿನ ವಠಾರಗಳಲ್ಲಿ. ಸಾಮಾನ್ಯವಾಗಿ ಮೂರು ನಾಲ್ಕು ಅಂತಸ್ತು, ಬೀದಿಯಿಂದ ಒಳಕ್ಕೆ ಎಲ್ಲರಿಗೂ ಒಂದೇ ಓಣಿಬಾಗಿಲು, ಅದರಾಚೆ ಎಲ್ಲರಿಗೂ ಒಂದೇ ಕಲ್ಲಿನ ಮೆಟ್ಟಿಲು, ಪ್ರತಿ ಅಂತಸ್ತಿನಲ್ಲಿ ಕೆಲವು ಮನೆಗಳು. ಆ ಓಣಿಬಾಗಿಲಿಗೆ ಅಲ್ಲಿನವರು ‘ಕ್ಲೋಸ್’ ಎನ್ನುತ್ತಿದ್ದರು. ಒಂದೇ ಕೋಣೆಯ ಮನೆಗೆ ‘ಸಿಂಗಲ್ ಎಂಡ್’ ಎಂದು ಹೆಸರು. ಸ್ವಲ್ಪ ಅನುಕೂಲಸ್ಥರಿಗೆ ಒಂದು ಕೋಣೆ ಮತ್ತು ಒಂದು ಅಡುಗೆಮನೆ. ಅಡುಗೆಮನೆಯ ಗೋಡೆಯಲ್ಲಿ ಗೂಡಿನಂತೆ ಬಿಟ್ಟ ಜಾಗದಲ್ಲಿ ಹಾಸಿಗೆ ಇರುತ್ತಿತ್ತು. ಎಷ್ಟೋ ಕಟ್ಟಡಗಳಲ್ಲಿ ಶೌಚಾಲಯ ಮೆಟ್ಟಿಲಿನ ತಿರುವಿನಲ್ಲಿದ್ದು ಹಲವು ಮನೆಯವರು ಅದನ್ನು ಹಂಚಿಕೊಳ್ಳಬೇಕಿತ್ತು. ಬಟ್ಟೆ ಒಗೆಯುವ ಕಟ್ಟೆ ಹಿತ್ತಲಿನಲ್ಲಿ, ಅದಕ್ಕೂ ಸರದಿ. 1911ರ ಜನಗಣತಿಯ ಹೊತ್ತಿಗೆ ಸ್ಕಾಟ್ಲೆಂಡಿನ ಜನರಲ್ಲಿ ಸುಮಾರು 48% ಮಂದಿ ಒಂದು ಅಥವಾ ಎರಡು ಕೋಣೆಯ ಮನೆಗಳಲ್ಲಿದ್ದರು. ಇಂಗ್ಲೆಂಡಿನಲ್ಲಿ ಈ ಪ್ರಮಾಣ ಸುಮಾರು 7% ಮಾತ್ರ. ಇಕ್ಕಟ್ಟು ಎಷ್ಟಿತ್ತೆಂದರೆ, ಗ್ಲಾಸ್ಗೋ ನಗರದ ತೀರ ಸಣ್ಣ ಮನೆಗಳ ಬಾಗಿಲಿಗೆ ಒಳಗೆ ಎಷ್ಟು ಜನ ಮಲಗಬಹುದು ಎಂಬುದನ್ನು ನಮೂದಿಸಿದ ಲೋಹದ ಚೀಟಿಯನ್ನು ಪೌರಾಡಳಿತ ಬಡಿದಿರುತ್ತಿತ್ತು, ಮತ್ತು ತಪಾಸಣೆಗಾರರು ರಾತ್ರಿ ಬಂದು ಬಾಗಿಲು ತಟ್ಟಿ ತಲೆ ಎಣಿಸುತ್ತಿದ್ದರು.

ಮಾಲೀಕರು ಬಾಡಿಗೆದಾರರೊಡನೆ ನೇರವಾಗಿ ವ್ಯವಹರಿಸುತ್ತಿದ್ದುದು ಕಡಿಮೆ. ಅವರ ಪರವಾಗಿ ಮನೆ ಕೊಡುವುದು, ಬಾಡಿಗೆ ವಸೂಲಿ ಮಾಡುವುದು, ಬಾಕಿ ಉಳಿಸಿದವರ ಮೇಲೆ ದಾವೆ ಹೂಡುವುದು ಎಲ್ಲವನ್ನೂ ‘ಫ್ಯಾಕ್ಟರ್’ ಎಂಬ ವಸೂಲಿಗಾರ ಮಾಡುತ್ತಿದ್ದ. ಮಾಲೀಕರಲ್ಲಿ ಹಲವರು ಅಂಗಡಿಕಾರರು, ವಿಧವೆಯರು, ಸಣ್ಣ ಉಳಿತಾಯವನ್ನು ಮನೆಯಲ್ಲಿ ತೊಡಗಿಸಿದವರು. ಕಟ್ಟಡದ ಮೇಲೆ ಅಡಮಾನದ ಸಾಲವೂ ಇರುತ್ತಿತ್ತು. ಸಾಲದ ಬಡ್ಡಿ ಏರಿದರೆ ಅದನ್ನು ಬಾಡಿಗೆಯ ಮೇಲೆ ದಾಟಿಸುವುದು ಅವರಿಗೆ ಸಹಜವಾದ ದಾರಿಯಾಗಿತ್ತು. ಈ ಅಂಶವನ್ನು ಮರೆತರೆ ಮುಂದೆ ಬಂದ ಕಾಯಿದೆಯಲ್ಲಿ ಅಡಮಾನದ ಬಡ್ಡಿಯ ಮಾತು ಏಕೆ ಬಂದಿತು ಎಂಬುದು ಅರ್ಥವಾಗುವುದಿಲ್ಲ.

1911ರಲ್ಲಿ ಬಂದ ಒಂದು ಕಾಯಿದೆ ಮಾಲೀಕ ಮತ್ತು ಬಾಡಿಗೆದಾರ ಇಬ್ಬರ ನಡುವಿನ ಸಂಬಂಧವನ್ನು ಸದ್ದಿಲ್ಲದೆ ಬದಲಿಸಿತ್ತು. ಅದಕ್ಕೆ ಮೊದಲು ಸ್ಕಾಟ್ಲೆಂಡಿನಲ್ಲಿ ಮೇ 28ರಿಂದ ಮುಂದಿನ ಮೇ 28ರವರೆಗೆ ವರ್ಷದ ಕರಾರು ಮಾಡಿಕೊಳ್ಳುವುದು ವಾಡಿಕೆ. ವರ್ಷದ ಕರಾರು ಕೂಲಿಯವನಿಗೆ ಹೊರೆಯೇ ಆಗಿತ್ತು, ಏಕೆಂದರೆ ಕೆಲಸ ಎಲ್ಲಿ ಸಿಕ್ಕುತ್ತದೆಯೋ ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಆ ತೊಂದರೆ ತಪ್ಪಿಸಲು ಹೊಸ ಕಾಯಿದೆ ಸಣ್ಣ ಮನೆಗಳಿಗೆ ತಿಂಗಳ ಕರಾರಿಗೆ ಅವಕಾಶ ಕೊಟ್ಟಿತು. ಬಾಡಿಗೆದಾರನ ಅನುಕೂಲಕ್ಕೆಂದು ಬಂದ ಈ ಬದಲಾವಣೆಯಿಂದಲೇ ಬಾಡಿಗೆ ಏರಿಸಲು ಮತ್ತು ಮನೆ ಖಾಲಿ ಮಾಡಿಸಲು ಮಾಲೀಕನಿಗೂ ವರ್ಷವಿಡೀ ಕಾಯಬೇಕಾದ ಅಗತ್ಯ ಇಲ್ಲವಾಯಿತು. ಮಾರುಕಟ್ಟೆಯಲ್ಲಿ ಖಾಲಿ ಮನೆಗಳಿದ್ದಷ್ಟು ಕಾಲ ಇದರ ಪರಿಣಾಮ ಕಾಣಿಸಲಿಲ್ಲ.

ಸಮಸ್ಯೆ

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾಯಿತು. ಕ್ಲೈಡ್ ನದಿಯ ದಂಡೆಯ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಹೊರಗಿನಿಂದ ಸಾವಿರಾರು ಕೆಲಸಗಾರರು ಬಂದಿಳಿದರು. ಮನೆ ಕಟ್ಟುವ ಕೆಲಸ ಯುದ್ಧಕ್ಕೆ ಮೊದಲೇ ಕುಸಿದಿತ್ತು, ಈಗ ಪೂರ್ತಿ ನಿಂತಿತು. ನದಿಯ ದಕ್ಷಿಣ ದಂಡೆಯ ಗೋವನ್, ಉತ್ತರ ದಂಡೆಯ ಪಾರ್ಟಿಕ್ ಇವೆರಡೂ 1912ರವರೆಗೆ ತಮ್ಮದೇ ಪೌರಾಡಳಿತ ಹೊಂದಿದ್ದು ಆಗಷ್ಟೇ ಗ್ಲಾಸ್ಗೋ ನಗರಕ್ಕೆ ಸೇರಿದ್ದ ಊರುಗಳು. ಫೇರ್‌ಫೀಲ್ಡ್‌ನಂಥ ದೊಡ್ಡ ಹಡಗುಕಟ್ಟೆ ಗೋವನ್‌ನಲ್ಲೇ ಇತ್ತು. ಈ ಭಾಗಗಳಲ್ಲಿ ಖಾಲಿ ಮನೆ ಸಿಗುವುದೇ ಕಷ್ಟವಾಯಿತು. ಹೊರಗೆ ಕಾಯುತ್ತಿರುವವರು ಹೆಚ್ಚು ಕೊಡಲು ಸಿದ್ಧರಿರುವಾಗ ಒಳಗಿರುವವರಿಂದ ಹೆಚ್ಚು ಕೇಳುವುದು ಮಾಲೀಕರಿಗೆ ಸುಲಭವಾಯಿತು. 1915ರ ಆರಂಭದಲ್ಲಿ ಏರಿಕೆಯ ನೋಟಿಸುಗಳು ಬರತೊಡಗಿದವು; ಕೆಲವೆಡೆ ಅದು 25%ರವರೆಗೂ ಹೋಯಿತು.

ಈ ನೋಟಿಸು ಯಾರ ಕೈಗೆ ಬಂದಿತು ಎಂಬುದು ಪ್ರಕರಣದ ತಿರುಳು. ಗಂಡಸರು ಯುದ್ಧಭೂಮಿಯಲ್ಲೋ ದೀರ್ಘ ಪಾಳಿಯ ಕೆಲಸದಲ್ಲೋ ಇದ್ದರು. ವಾರದ ದುಡ್ಡನ್ನು ಹಂಚಿ ಮನೆ ನಡೆಸುತ್ತಿದ್ದವರು, ಫ್ಯಾಕ್ಟರ್ ಬಾಗಿಲು ತಟ್ಟಿದಾಗ ಉತ್ತರ ಕೊಡುತ್ತಿದ್ದವರು ಹೆಂಗಸರು. ಆಹಾರದ ಬೆಲೆಯೂ ಏರುತ್ತಿತ್ತು. ಊಟದ ಖರ್ಚನ್ನು ಸ್ವಲ್ಪ ಕಡಿಮೆ ಮಾಡಬಹುದು. ಬಾಡಿಗೆಯನ್ನು ಹಾಗೆ ಕಡಿಮೆ ಮಾಡಿಕೊಳ್ಳುವ ದಾರಿ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದ್ದರಿಂದ ನ್ಯಾಯಾಲಯಕ್ಕೆ ದೂರು ಕೊಡುವ ದಾರಿಯೂ ಮುಚ್ಚಿತ್ತು.

ಏನು ಮಾಡಲಾಯಿತು

ಹೋರಾಟಕ್ಕೆ ಒಂದು ತಳಹದಿ ಯುದ್ಧಕ್ಕೆ ಮೊದಲೇ ಇತ್ತು. ಸ್ವತಂತ್ರ ಲೇಬರ್ ಪಕ್ಷದ ಜಾನ್ ವೀಟ್ಲಿ ಮೊದಲಾದವರು ನಗರಾಡಳಿತವೇ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಬೇಕೆಂದು ಕೆಲವು ವರ್ಷಗಳಿಂದ ವಾದಿಸುತ್ತಿದ್ದರು. 1914ರಲ್ಲಿ ಗ್ಲಾಸ್ಗೋ ಮಹಿಳಾ ವಸತಿ ಸಂಘ ಹುಟ್ಟಿತು. ಮೇರಿ ಲೇರ್ಡ್ ಅದರ ಅಧ್ಯಕ್ಷೆ. ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡೊಲನ್ ಇವರೂ ಅದರ ಪ್ರಮುಖರು. ಗೋವನ್ ಭಾಗದ ಹೋರಾಟವನ್ನು ಕಟ್ಟಿದವರು ಮೇರಿ ಬಾರ್ಬರ್. ಅವರು 1875ರಲ್ಲಿ ಕಿಲ್ಬಾರ್ಕನ್ ಎಂಬ ನೇಕಾರರ ಊರಿನಲ್ಲಿ ಹುಟ್ಟಿದವರು, ಗೋವನ್‌ನಲ್ಲಿ ಸಂಸಾರ ನಡೆಸುತ್ತಿದ್ದವರು, ಗಂಡ ಹಡಗುಕಟ್ಟೆಯ ಕೆಲಸಗಾರ.

ಮೊದಲ ಮುಖ್ಯ ತೀರ್ಮಾನ ಬೇಡಿಕೆಯ ಅಳತೆಯ ಬಗ್ಗೆ. ಬಾಡಿಗೆಯನ್ನೇ ಕೊಡುವುದಿಲ್ಲ ಎಂದು ಹೇಳಬಹುದಿತ್ತು. ಅದರ ಬದಲು ಹಳೆಯ ಬಾಡಿಗೆಯನ್ನು ಕೊಡಲು ಸಿದ್ಧರಿದ್ದೇವೆ, ಏರಿಕೆಯನ್ನು ಮಾತ್ರ ಕೊಡುವುದಿಲ್ಲ ಎಂಬ ನಿಲುವನ್ನು ಸಂಘ ಹಿಡಿಯಿತು. ಈ ಇಡೀ ಪ್ರಕರಣದಲ್ಲಿ ಅತ್ಯಂತ ವಿವೇಕದ ಹೆಜ್ಜೆ ಇದೇ ಎಂದು ನನಗೆ ಅನ್ನಿಸುತ್ತದೆ. ಬಾಕಿ ಉಳಿಸಿದವರು ಎಂಬ ಕಳಂಕಕ್ಕೆ ಹೆದರುವ, ಜೀವನದಲ್ಲಿ ಒಮ್ಮೆಯೂ ಬಾಡಿಗೆ ತಪ್ಪಿಸದ ಗೃಹಿಣಿಯರು ಇಂಥ ಹೋರಾಟಕ್ಕೆ ಬರಬಹುದಿತ್ತು. ಪೂರ್ತಿ ಬಾಡಿಗೆ ನಿಲ್ಲಿಸುವ ಹೋರಾಟಕ್ಕೆ ಅವರಲ್ಲಿ ಅನೇಕರು ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ಹೊರಗಿನಿಂದ ನೋಡುವ ಪತ್ರಿಕೆಗೂ ಸರಕಾರಕ್ಕೂ ದುರಾಸೆ ಯಾರ ಕಡೆ ಇದೆ ಎಂಬುದು ವಿವರಣೆಯಿಲ್ಲದೆ ಕಾಣುತ್ತಿತ್ತು.

ಎರಡನೆಯದು ಸಂಘಟನೆಯ ಜಾಗದ ಬಗ್ಗೆ. ದೊಡ್ಡ ಸಭಾಂಗಣಗಳಿಗಿಂತ ಅಡುಗೆಮನೆಗಳಲ್ಲಿ, ಹಿತ್ತಲುಗಳಲ್ಲಿ, ಕ್ಲೋಸ್‌ಗಳಲ್ಲಿ ಸಭೆಗಳು ನಡೆದವು. ಒಂದೊಂದು ಓಣಿಬಾಗಿಲಿಗೂ ಅಲ್ಲಿಯೇ ವಾಸಿಸುವವರ ಒಂದು ಚಿಕ್ಕ ಗುಂಪು ಹೊಣೆ ಹೊತ್ತಿತು. ತಾವು ಮುಷ್ಕರದಲ್ಲಿದ್ದೇವೆ, ಮನೆ ಖಾಲಿ ಮಾಡುವುದಿಲ್ಲ ಎಂಬ ಅಚ್ಚಾದ ಫಲಕಗಳು ಕಿಟಕಿಗಳಲ್ಲಿ ಕಾಣಿಸಿಕೊಂಡವು. ಇದಕ್ಕೆ ಎರಡು ಪ್ರಯೋಜನವಿತ್ತು: ಫ್ಯಾಕ್ಟರ್‌ಗೆ ಎಚ್ಚರಿಕೆ, ಮತ್ತು ಎದುರು ಮನೆಯವಳಿಗೆ ಧೈರ್ಯ. ತಾನೊಬ್ಬಳೇ ಅಲ್ಲ ಎಂಬುದು ಕಣ್ಣಿಗೆ ಕಾಣುವಂತಿದ್ದರೆ ಅರ್ಧ ಭಯ ಕಳೆಯುತ್ತದೆ.

ಮೂರನೆಯದು ತೆರವಿನ ಆದೇಶ ಬಂದಾಗ ಏನು ಮಾಡಬೇಕೆಂಬ ಬಗ್ಗೆ. ಕೋರ್ಟಿನ ಅಮೀನ ಸಾಮಾನು ಹೊರಹಾಕಲು ಬರುವಾಗ ಬೀದಿಯ ತುದಿಯಲ್ಲಿ ಕಾವಲಿಗೆ ಕುಳಿತವರು ಗಂಟೆ ಬಾರಿಸುತ್ತಿದ್ದರು ಇಲ್ಲವೆ ಗಿಲಕಿ ಆಡಿಸುತ್ತಿದ್ದರು. ಸದ್ದು ಕೇಳಿದ ಕೂಡಲೇ ಹೆಂಗಸರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಂದು ಕಿರಿದಾದ ಕ್ಲೋಸ್‌ನಲ್ಲೂ ಮೆಟ್ಟಿಲ ಮೇಲೂ ಒತ್ತೊತ್ತಾಗಿ ನಿಂತುಬಿಡುತ್ತಿದ್ದರು. ಬಂದವರ ಮೇಲೆ ಹಿಟ್ಟಿನ ಪೊಟ್ಟಣಗಳು ಬೀಳುತ್ತಿದ್ದವು, ಒದ್ದೆ ಬಟ್ಟೆಗಳು ಬೀಳುತ್ತಿದ್ದವು. ಮೆಟ್ಟಿಲು ಅಗಲವಿಲ್ಲದ ಕಟ್ಟಡದಲ್ಲಿ ಹತ್ತಾರು ಹೆಂಗಸರನ್ನು ದಾಟಿ ಮಂಚ ಕುರ್ಚಿಗಳನ್ನು ಹೊರಗೆ ಸಾಗಿಸುವುದು ಪೊಲೀಸರಿದ್ದರೂ ಆಗುವ ಕೆಲಸವಲ್ಲ. ಬಡವರನ್ನು ಹಿಂಡಿ ತುಂಬಿದ್ದ ಆ ಇಕ್ಕಟ್ಟಾದ ಕಟ್ಟಡವೇ ಅವರ ಕೋಟೆಯಾಯಿತು.

1915ರ ಮೊದಲಾರ್ಧದಲ್ಲಿ ನಗರದ ಪೂರ್ವ ಭಾಗದ ಶೆಟಲ್‌ಸ್ಟನ್‌ನಲ್ಲಿ ನಡೆದ ಒಂದು ಘಟನೆ ಹೋರಾಟಕ್ಕೆ ನೈತಿಕ ಬಲ ಕೊಟ್ಟಿತು. ಯುದ್ಧಕ್ಕೆ ಹೋದ ಸೈನಿಕನೊಬ್ಬನ ಕುಟುಂಬವನ್ನು ಸಣ್ಣ ಮೊತ್ತದ ಬಾಕಿಗಾಗಿ ಹೊರಹಾಕಲು ಆದೇಶವಾಗಿತ್ತು. ಮನೆಯಲ್ಲಿ ಉಳಿದಿದ್ದವರು ಹೆಂಡತಿ, ಮಕ್ಕಳು. ವೀಟ್ಲಿಯವರ ಮುಂದಾಳತ್ವದಲ್ಲಿ ನೆರೆಹೊರೆಯವರು ಮನೆಯ ಮುಂದೆ ನೆರೆದು ತೆರವನ್ನು ತಡೆದರು. ಸುದ್ದಿ ನಗರದಲ್ಲೆಲ್ಲ ಹರಡಿತು. ದೇಶಕ್ಕಾಗಿ ಹೋರಾಡಲು ಹೋದವನ ಹೆಂಡತಿ ಮಕ್ಕಳನ್ನು ಬೀದಿಗೆ ತಳ್ಳುವುದನ್ನು ಸಮರ್ಥಿಸುವ ಮಾತು ಮಾಲೀಕರ ಪರವಾದವರಿಗೂ ಸಿಗಲಿಲ್ಲ. ಆ ನಂತರದ ಮೆರವಣಿಗೆಗಳಲ್ಲಿ ಮಕ್ಕಳ ಕೈಯ ಫಲಕಗಳು ಇದನ್ನೇ ಸಾರಿದವು: ಅಪ್ಪ ಯುದ್ಧರಂಗದಲ್ಲಿದ್ದಾನೆ, ಇಲ್ಲಿ ಮಾಲೀಕ ನಮ್ಮ ಮನೆಯ ಮೇಲೆ ದಾಳಿ ಮಾಡುತ್ತಿದ್ದಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮುಂದಾಳುಗಳಲ್ಲಿ ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡೊಲನ್ ಮೊದಲಾದವರು ಯುದ್ಧವನ್ನು ವಿರೋಧಿಸುತ್ತಿದ್ದವರು. ಮರುವರ್ಷ ಮಹಿಳೆಯರ ಶಾಂತಿ ಆಂದೋಲನವನ್ನು ಕಟ್ಟಿದವರೂ ಅವರೇ. ಆದರೆ ಬೀದಿಯಲ್ಲಿ ಅವರ ಪಕ್ಕ ನಿಂತಿದ್ದ ಹೆಂಗಸರಲ್ಲಿ ಬಹಳ ಮಂದಿ ಸೈನಿಕರ ಹೆಂಡಂದಿರು, ತಾಯಂದಿರು, ಗಂಡ ಮಕ್ಕಳ ಬಗ್ಗೆ ಹೆಮ್ಮೆ ಇದ್ದವರು. ಫಲಕಗಳ ಭಾಷೆ ಈ ಎರಡನೆಯವರದಾಗಿತ್ತು. ಯುದ್ಧದ ಬಗೆಗಿನ ನಿಲುವನ್ನು ಬಾಡಿಗೆಯ ಹೋರಾಟದ ಪ್ರವೇಶ ಪರೀಕ್ಷೆಯನ್ನಾಗಿ ಮಾಡಿದ್ದರೆ ಆ ಕ್ಲೋಸ್‌ಗಳಲ್ಲಿ ಅಷ್ಟು ಜನ ನಿಲ್ಲುತ್ತಿರಲಿಲ್ಲ. ತಮ್ಮ ಗಾಢವಾದ ನಂಬಿಕೆಯನ್ನು ಇಟ್ಟುಕೊಂಡೇ ಬೇರೆ ನಂಬಿಕೆಯವರ ಜೊತೆ ಒಂದು ನಿರ್ದಿಷ್ಟ ಕೆಲಸಕ್ಕೆ ನಿಲ್ಲುವುದು ಸುಲಭವಲ್ಲ. ಅವರು ಅದನ್ನು ಮಾಡಿದರು.

ಗೋವನ್‌ನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೆಲೆನ್ ಕ್ರಾಫರ್ಡ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಒಬ್ಬ ಹೆಂಗಸನ್ನು ಫ್ಯಾಕ್ಟರ್ ಹೇಗೋ ನಂಬಿಸಿ ಏರಿಕೆಯ ಹಣವನ್ನು ವಸೂಲಿ ಮಾಡಿದ್ದ. ಮೇರಿ ಬಾರ್ಬರ್ ಹಡಗುಕಟ್ಟೆಯ ಗಂಡಸರನ್ನು ಕರೆತಂದು ಆ ಕಚೇರಿಯಿದ್ದ ಬೀದಿಯಲ್ಲಿ ನಿಲ್ಲಿಸಿ, ಆ ಹೆಂಗಸಿನ ಜೊತೆ ಮೇಲೆ ಹೋಗಿ ಹಣ ವಾಪಸು ಕೇಳಿದರು. ಕೆಳಗೆ ಮಸಿ ಮೆತ್ತಿದ ಮುಖಗಳ ಸಾವಿರಾರು ಕೆಲಸಗಾರರು ನಿಂತಿದ್ದನ್ನು ನೋಡಿದ ಫ್ಯಾಕ್ಟರ್ ಹಣವನ್ನು ಹಿಂದಕ್ಕೆ ಕೊಟ್ಟ. ಮೊತ್ತ ದೊಡ್ಡದಲ್ಲ. ಆದರೆ ಮನೆಯ ಹೋರಾಟ ಮತ್ತು ಹಡಗುಕಟ್ಟೆ ಇವೆರಡರ ನಡುವೆ ದಾರಿ ತೆರೆದದ್ದು ಇಂಥ ಘಟನೆಗಳಲ್ಲಿ. ಮೋಸಹೋದವಳನ್ನು ಮುಷ್ಕರ ಮುರಿದವಳೆಂದು ದೂರ ಮಾಡದೆ ಅವಳ ಹಣವನ್ನು ಕೊಡಿಸಿಕೊಟ್ಟದ್ದರಿಂದ ಉಳಿದವರಿಗೆ ಹೋದ ಸಂದೇಶವೂ ಕಡಿಮೆಯದಲ್ಲ.

ತಿರುವು

ಅಕ್ಟೋಬರಿನ ಹೊತ್ತಿಗೆ ಹೋರಾಟ ಗೋವನ್‌ನಿಂದ ಪಾರ್ಟಿಕ್, ಪಾರ್ಕ್‌ಹೆಡ್, ಶೆಟಲ್‌ಸ್ಟನ್ ಮೊದಲಾದ ಭಾಗಗಳಿಗೆ ಹಬ್ಬಿತ್ತು. ಆ ತಿಂಗಳ ಆರಂಭದಲ್ಲಿ ಹೆಂಗಸರು ಮೆರವಣಿಗೆಯಲ್ಲಿ ನಗರಸಭೆಗೆ ಹೋದರು. ಸ್ಕಾಟ್ಲೆಂಡಿನ ಆಡಳಿತ ಹೊತ್ತಿದ್ದ ಸಚಿವ ಮ್ಯಾಕಿನನ್ ವುಡ್ ಅವರು ಬಾಡಿಗೆ ಏರಿಕೆಯ ಬಗ್ಗೆ ವಿಚಾರಣೆ ನಡೆಸಲು ಲಾರ್ಡ್ ಹಂಟರ್ ಮತ್ತು ಪ್ರೊಫೆಸರ್ ಸ್ಕಾಟ್ ಎಂಬ ಇಬ್ಬರ ಸಮಿತಿಯನ್ನು ನೇಮಿಸಿದರು. ವಿಚಾರಣಾ ಸಮಿತಿ ಬಂದರೆ ಹೋರಾಟ ತಣ್ಣಗಾಗುವುದು ಸಾಮಾನ್ಯ ಅನುಭವ. ವರದಿ ಬರಲಿ ಎಂದು ಕಾಯುತ್ತಾರೆ, ಜನ ಚದುರುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಸಮಿತಿ ಕೂತಿರುವಾಗಲೂ ಮುಷ್ಕರ ಮುಂದುವರಿಯಿತು, ಬೆಳೆಯಿತು. ನವೆಂಬರಿನಲ್ಲಿ ಮುಷ್ಕರದಲ್ಲಿದ್ದ ಬಾಡಿಗೆದಾರರ ಸಂಖ್ಯೆ ಸುಮಾರು 20,000 ಎಂಬ ಅಂದಾಜಿತ್ತು.

ತೆರವು ಸಾಧ್ಯವಿಲ್ಲ ಎಂಬುದು ಇಷ್ಟರಲ್ಲಿ ಮಾಲೀಕರ ಕಡೆಯವರಿಗೆ ಮನವರಿಕೆಯಾಗಿತ್ತು. ಪಾರ್ಟಿಕ್‌ನ ಒಬ್ಬ ಫ್ಯಾಕ್ಟರ್ ಬೇರೆ ದಾರಿ ಹಿಡಿದ. ಮನೆ ಖಾಲಿ ಮಾಡಿಸುವ ದಾವೆಯನ್ನು ಬಿಟ್ಟು, ಕೊಡದೆ ಉಳಿಸಿದ ಏರಿಕೆಯನ್ನು ಸಾಲವೆಂದು ಪರಿಗಣಿಸಿ ಸಣ್ಣ ಸಾಲಗಳ ನ್ಯಾಯಾಲಯದಲ್ಲಿ 18 ಮಂದಿಯ ಮೇಲೆ ದಾವೆ ಹೂಡಿದ. ಅವರಲ್ಲಿ ಹೆಚ್ಚಿನವರು ಮದ್ದುಗುಂಡು ತಯಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿದ್ದವರು. ತೀರ್ಪು ತನ್ನ ಪರವಾದರೆ ಅವರ ಸಂಬಳವನ್ನು ಕೆಲಸ ಕೊಟ್ಟ ಸಂಸ್ಥೆಯಲ್ಲಿಯೇ ಜಪ್ತಿ ಮಾಡಿಸಬಹುದು ಎಂಬುದು ಲೆಕ್ಕಾಚಾರ. ಕಾನೂನಿನ ತಂತ್ರವಾಗಿ ನೋಡಿದರೆ ಇದು ಜಾಣತನದ ಹೆಜ್ಜೆ. ಸಂಬಳ ಜಪ್ತಿಗೆ ಅಮೀನ ಮೆಟ್ಟಿಲು ಹತ್ತಬೇಕಿಲ್ಲ. ಕ್ಲೋಸ್‌ನಲ್ಲಿ ಎಷ್ಟು ಹೆಂಗಸರು ನಿಂತರೂ ಹಣ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲೇ ಕೈತಪ್ಪುತ್ತದೆ.

ಆದರೆ ಆ ಹೆಜ್ಜೆ ಜಗಳವನ್ನು ಮನೆಯ ಬಾಗಿಲಿನಿಂದ ಎತ್ತಿ ಕಾರ್ಖಾನೆಯ ಬಾಗಿಲಿಗೆ ತಂದಿಟ್ಟಿತು. ಅಲ್ಲಿಯವರೆಗೆ ಗಂಡಸರು ಬೆಂಬಲಿಗರಾಗಿದ್ದರು. ಈಗ ಅವರೇ ಪ್ರತಿವಾದಿಗಳಾದರು. ಆ ವರ್ಷ ಕ್ಲೈಡ್ ದಂಡೆಯ ಕಾರ್ಖಾನೆಗಳಲ್ಲಿ ಅಸಮಾಧಾನ ಮೊದಲೇ ಕುದಿಯುತ್ತಿತ್ತು. ಫೆಬ್ರವರಿಯಲ್ಲಿ ಎಂಜಿನಿಯರಿಂಗ್ ಕೆಲಸಗಾರರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಮಾಡಿದ್ದರು. ಜುಲೈಯಲ್ಲಿ ಬಂದ ಮದ್ದುಗುಂಡು ಕಾಯಿದೆಯು ಇಂಥ ಕಾರ್ಖಾನೆಗಳಲ್ಲಿ ಮುಷ್ಕರವನ್ನು ನಿಷೇಧಿಸಿ, ಬಿಡುಗಡೆ ಪತ್ರವಿಲ್ಲದೆ ಕೆಲಸ ಬದಲಿಸುವುದನ್ನೂ ಕಷ್ಟವಾಗಿಸಿತ್ತು. ಕೆಲಸ ಬಿಡುವ ಸ್ವಾತಂತ್ರ್ಯವಿಲ್ಲದವನ ಸಂಬಳವನ್ನು ಏರಿಸಿದ ಬಾಡಿಗೆಗೆಂದು ಜಪ್ತಿ ಮಾಡುವುದು ಅವನಿಗೆ ಹೇಗೆ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ನವೆಂಬರ್ 17ರಂದು ಫೇರ್‌ಫೀಲ್ಡ್ ಸೇರಿದಂತೆ ಹಲವು ಹಡಗುಕಟ್ಟೆಗಳ, ಕಾರ್ಖಾನೆಗಳ ಕೆಲಸಗಾರರು ಕೆಲಸ ನಿಲ್ಲಿಸಿ ನಗರದ ಮಧ್ಯಕ್ಕೆ ನಡೆದರು. ಗೋವನ್‌ನ ಹೆಂಗಸರು ತಮ್ಮ ಮೆರವಣಿಗೆಯಲ್ಲಿ ಬಂದರು. ನ್ಯಾಯಾಲಯದ ಸುತ್ತಲಿನ ಬೀದಿಗಳಲ್ಲಿ 10,000ಕ್ಕೂ ಹೆಚ್ಚು ಜನ ಸೇರಿದ್ದರೆಂದು ಅಂದಾಜು. ಯುದ್ಧವಿರೋಧಿ ಭಾಷಣಕ್ಕಾಗಿ ಶಿಕ್ಷೆಗೊಳಗಾಗಿ ಅದೇ ವಾರ ಗೋವನ್ ಶಾಲಾ ಮಂಡಳಿಯ ಕೆಲಸದಿಂದ ವಜಾ ಆಗಿದ್ದ ಶಿಕ್ಷಕ ಜಾನ್ ಮ್ಯಾಕ್ಲೀನ್ ಅಲ್ಲಿ ಮಾತನಾಡಿದರು. ಬೇಡಿಕೆ ಖಚಿತವಾಗಿತ್ತು ಮತ್ತು ಗಡುವಿನೊಡನೆ ಬಂದಿತ್ತು: ಬಾಡಿಗೆಯನ್ನು ಯುದ್ಧಪೂರ್ವ ಮಟ್ಟದಲ್ಲಿ ನಿಲ್ಲಿಸುವ ಕ್ರಮವನ್ನು ಸರಕಾರ ಪ್ರಕಟಿಸದಿದ್ದರೆ ನವೆಂಬರ್ 22ರಿಂದ ಕ್ಲೈಡ್ ದಂಡೆಯಲ್ಲಿ ಸಾರ್ವತ್ರಿಕ ಮುಷ್ಕರ.

ಒಳಗೆ ಷೆರಿಫ್ ಲೀ ಅವರ ಮುಂದೆ ಬಾಡಿಗೆದಾರರ ನಿಯೋಗವೊಂದು ತಮ್ಮ ಮಾತನ್ನು ಹೇಳಿಕೊಂಡಿತು. ಸ್ಕಾಟ್ಲೆಂಡಿನಲ್ಲಿ ಷೆರಿಫ್ ಎಂದರೆ ನ್ಯಾಯಾಧೀಶ. ಕಾನೂನಿನ ಪ್ರಕಾರ ತೀರ್ಪು ಕೊಡುವುದಾದರೆ ಅದು ಫ್ಯಾಕ್ಟರ್ ಪರವಾಗಿಯೇ ಬರಬೇಕಿತ್ತು. ಆದರೆ ತೀರ್ಪಿನ ಪರಿಣಾಮ ಹೊರಗಿನ ಬೀದಿಯಲ್ಲಿ ಕಾಣುತ್ತಿತ್ತು. ಮದ್ದುಗುಂಡು ಖಾತೆಯ ಸಚಿವ ಲಾಯ್ಡ್ ಜಾರ್ಜ್ ಅವರನ್ನು ಲಂಡನ್ನಿನಲ್ಲಿ ಸಂಪರ್ಕಿಸಲಾಯಿತು ಎಂದು ಪ್ರಕರಣದ ನಿರೂಪಣೆಗಳು ಹೇಳುತ್ತವೆ. ಕೊನೆಗೆ ಆದದ್ದು ಇಷ್ಟು: ಫ್ಯಾಕ್ಟರ್ ಮನವೊಲಿಕೆಗೆ ಒಪ್ಪಿ ದಾವೆಗಳನ್ನು ಕೈಬಿಟ್ಟ, ಬಾಡಿಗೆಯ ಬಗ್ಗೆ ಸರಕಾರ ಕ್ರಮ ಕೈಗೊಳ್ಳುತ್ತದೆ ಎಂಬ ಭರವಸೆ ಹೊರಬಿತ್ತು.

ಫಲಿತಾಂಶ

ನವೆಂಬರ್ 25ರಂದು ಮಸೂದೆ ಪಾರ್ಲಿಮೆಂಟಿಗೆ ಬಂದಿತು. ಅದನ್ನು ಮಂಡಿಸಿದವರು ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಲಾಂಗ್. ಭೂಮಾಲೀಕರ ಹಿತಕ್ಕೆ ಹತ್ತಿರವಾದ ಪಕ್ಷದ ನಾಯಕನೇ ಬಾಡಿಗೆ ನಿಯಂತ್ರಣದ ಮಸೂದೆಯನ್ನು ತರಬೇಕಾಯಿತು ಎಂಬುದು ಆ ವಾರದ ಒತ್ತಡವನ್ನು ತೋರಿಸುತ್ತದೆ. ಡಿಸೆಂಬರ್ 23ರಂದು ಅದು ಕಾಯಿದೆಯಾಯಿತು. ನಿಗದಿತ ಮೌಲ್ಯದೊಳಗಿನ ಮನೆಗಳ ಬಾಡಿಗೆ 1914ರ ಆಗಸ್ಟಿನ ಮಟ್ಟವನ್ನು ಮೀರುವಂತಿಲ್ಲ ಎಂದು ಅದು ವಿಧಿಸಿತು. ಈ ಮಿತಿ ಲಂಡನ್ನಿಗೆ ವರ್ಷಕ್ಕೆ 35 ಪೌಂಡ್, ಸ್ಕಾಟ್ಲೆಂಡಿಗೆ 30, ಉಳಿದೆಡೆಗೆ 26. ದುಡಿಯುವವರ ಮನೆಗಳೆಲ್ಲ ಹೆಚ್ಚುಕಡಿಮೆ ಇದರೊಳಗೆ ಬಂದವು. ಬಾಡಿಗೆಯನ್ನು ಕಟ್ಟಿಹಾಕಿದಂತೆಯೇ ಅಂಥ ಮನೆಗಳ ಮೇಲಿನ ಅಡಮಾನದ ಬಡ್ಡಿಯನ್ನೂ ಕಾಯಿದೆ ಕಟ್ಟಿಹಾಕಿತು. ಸಾಲ ಮಾಡಿ ಮನೆ ಕೊಂಡ ಸಣ್ಣ ಮಾಲೀಕನನ್ನು ಸಾಲ ಕೊಟ್ಟವನ ಕೈಯಲ್ಲಿ ಒಂಟಿಯಾಗಿ ಬಿಡದ ಈ ಸಮತೋಲನ ಕಾಯಿದೆಗೆ ಬಾಳಿಕೆ ಕೊಟ್ಟಿತು.

ಯುದ್ಧ ಮುಗಿದು ಆರು ತಿಂಗಳವರೆಗೆ ಎಂದು ಹುಟ್ಟಿದ ಕಾಯಿದೆ ಬಗೆಬಗೆಯ ರೂಪದಲ್ಲಿ ದಶಕಗಳ ಕಾಲ ಉಳಿಯಿತು. ಅದರ ನೆರಳು ಸಾಮ್ರಾಜ್ಯದ ಬೇರೆ ಭಾಗಗಳಿಗೂ ಚಾಚಿತು. 1918ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಂದ ಬಾಡಿಗೆ ಕಾಯಿದೆಯ ಹೆಸರಿನಲ್ಲೂ ಯುದ್ಧಕಾಲದ ನಿರ್ಬಂಧ ಎಂಬ ಮಾತೇ ಇತ್ತು.

ಕಲಿಯಬೇಕಾದದ್ದು

ಈ ಪ್ರಕರಣವನ್ನು ಹೇಳುವವರು ಹಲವು ಬಾರಿ ನವೆಂಬರ್ 17ರ ಜನಸಾಗರದಿಂದಲೇ ಆರಂಭಿಸುತ್ತಾರೆ. ಅದರಿಂದ ಗಂಡಸರ ಕೆಲಸ ನಿಲುಗಡೆಯೇ ಕಾಯಿದೆಯನ್ನು ತಂದಿತು ಎಂಬ ಭಾವನೆ ಬರುತ್ತದೆ. ಒತ್ತಡದ ಕೊನೆಯ ಹಂತ ಅದೇ ಎಂಬುದು ನಿಜ. ಸರಕಾರ ಹೆದರಿದ್ದು ಹಡಗು, ಗುಂಡುಗಳ ತಯಾರಿಕೆ ನಿಲ್ಲುತ್ತದೆ ಎಂಬುದಕ್ಕೆ. ಆದರೆ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಹೆಂಗಸರು ಒಂದೊಂದು ತೆರವನ್ನೂ ತಡೆದಿರದಿದ್ದರೆ ಫ್ಯಾಕ್ಟರ್ ಸಂಬಳ ಜಪ್ತಿಯ ದಾರಿಗೆ ಬರುತ್ತಲೇ ಇರಲಿಲ್ಲ. ಸುಲಭದ ಅಸ್ತ್ರ ವಿಫಲವಾದ್ದರಿಂದಲೇ ಅವನು ಅಪಾಯದ ಅಸ್ತ್ರವನ್ನು ಎತ್ತಿದ. ಪ್ರಕರಣದ ನಿಜವಾದ ಕೆಲಸ ನಡೆದದ್ದು ಯಾರೂ ಫೋಟೋ ತೆಗೆಯದ ಮೆಟ್ಟಿಲುಗಳಲ್ಲಿ. ಇದನ್ನು ಒತ್ತಿ ಹೇಳಬೇಕಾದ ಅಗತ್ಯ ಇಂದಿಗೂ ಇದೆ, ಏಕೆಂದರೆ ಮೇರಿ ಬಾರ್ಬರ್ ಅವರಿಗೆ ಗೋವನ್‌ನಲ್ಲಿ ಪ್ರತಿಮೆ ನಿಂತದ್ದು 2018ರಲ್ಲಿ, ಅವರು ತೀರಿಕೊಂಡು ಸುಮಾರು 60 ವರ್ಷಗಳಾದ ಮೇಲೆ.

ಎದುರು ಪಕ್ಷದ ತೀರ್ಮಾನಗಳಿಂದಲೂ ಕಲಿಯಲಿಕ್ಕಿದೆ. ಮಾಲೀಕರ ಕಡೆಯವರು ಪ್ರತಿ ಬಾರಿಯೂ ಕಾನೂನು ತಮ್ಮ ಪರವಾಗಿದೆಯೇ ಎಂದು ಮಾತ್ರ ನೋಡಿದರು. ಸೈನಿಕನ ಮನೆಯ ತೆರವೂ ಕಾನೂನುಬದ್ಧ, ಸಂಬಳ ಜಪ್ತಿಯೂ ಕಾನೂನುಬದ್ಧ. ಆ ಹಕ್ಕನ್ನು ಚಲಾಯಿಸಿದರೆ ಹೊಸದಾಗಿ ಯಾರು ತಮ್ಮ ವಿರುದ್ಧ ನಿಲ್ಲುತ್ತಾರೆ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಂತೆ ಕಾಣುವುದಿಲ್ಲ. ಹೆಂಗಸರ ಸಂಘವಾದರೋ ಬೇಡಿಕೆಯ ಅಳತೆಯಿಂದ ಹಿಡಿದು ಫಲಕದ ಮಾತಿನವರೆಗೆ ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡಿತ್ತು.

ಕಾಯಿದೆಯ ಮಿತಿಗಳನ್ನು ಮುಚ್ಚಿಡಬಾರದು. ಪೀಠೋಪಕರಣ ಸಹಿತ ಬಾಡಿಗೆಗೆ ಕೊಟ್ಟ ಮನೆಗಳು ಅದರ ರಕ್ಷಣೆಯ ಹೊರಗೆ ಉಳಿದವು. ತೀರ ಬಡವರಲ್ಲಿ ಕೆಲವರು ಇದ್ದುದು ಅಂಥ ಕೋಣೆಗಳಲ್ಲೇ. ಇನ್ನೂ ದೊಡ್ಡ ಮಿತಿಯೆಂದರೆ, ಬಾಡಿಗೆಯನ್ನು ನಿಲ್ಲಿಸಿದರೆ ಒಂದು ಮನೆಯೂ ಹೊಸದಾಗಿ ಹುಟ್ಟುವುದಿಲ್ಲ. 1912ರಲ್ಲಿ ನೇಮಕವಾಗಿದ್ದ ರಾಜ ಆಯೋಗ 1917ರಲ್ಲಿ ಕೊಟ್ಟ ವರದಿ ಸ್ಕಾಟ್ಲೆಂಡಿನ ವಸತಿಯ ದುಃಸ್ಥಿತಿಯನ್ನು ವಿವರವಾಗಿ ಬಿಚ್ಚಿಟ್ಟು, ಮನೆ ಕಟ್ಟುವ ಹೊಣೆಯನ್ನು ಸರಕಾರ ಹೊರಬೇಕೆಂದು ಹೇಳಿತು. 1919ರ ವಸತಿ ಕಾಯಿದೆ ಆ ದಿಕ್ಕಿನಲ್ಲಿ ಮೊದಲ ಹೆಜ್ಜೆ. ಶೆಟಲ್‌ಸ್ಟನ್‌ನ ಮನೆಯ ಮುಂದೆ ನಿಂತಿದ್ದ ಜಾನ್ ವೀಟ್ಲಿ 1924ರ ಲೇಬರ್ ಸರಕಾರದಲ್ಲಿ ಆರೋಗ್ಯ ಸಚಿವರಾಗಿ ನಗರಾಡಳಿತಗಳು ಬಾಡಿಗೆ ಮನೆಗಳನ್ನು ಕಟ್ಟಿಸಲು ನೆರವು ನೀಡುವ ಕಾಯಿದೆಯನ್ನು ತಂದರು. ಮೇರಿ ಬಾರ್ಬರ್ 1920ರಲ್ಲಿ ಫೇರ್‌ಫೀಲ್ಡ್ ವಾರ್ಡಿನಿಂದ ನಗರಸಭೆಗೆ ಆಯ್ಕೆಯಾದರು. ಆ ಸಭೆಗೆ ಆಯ್ಕೆಯಾದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಬಟ್ಟೆ ಒಗೆಯುವ ಸಾರ್ವಜನಿಕ ಕಟ್ಟೆ, ಶಾಲಾ ಮಕ್ಕಳಿಗೆ ಹಾಲು, 1926ರಲ್ಲಿ ಆರಂಭವಾದ ಮಹಿಳಾ ಸಲಹಾ ಚಿಕಿತ್ಸಾಲಯ ಇವುಗಳಿಗಾಗಿ ಅವರು ದುಡಿದರು. ಕ್ಲೋಸ್‌ನಲ್ಲಿ ನಿಂತು ಕಂಡ ಕೊರತೆಗಳೇ ಈ ಕೆಲಸಗಳ ಪಟ್ಟಿಯಾಗಿದ್ದವು ಎಂಬುದು ಸ್ಪಷ್ಟ.

ಬಾಡಿಗೆಯ ಜಗಳವಂತೂ 1915ಕ್ಕೆ ಮುಗಿಯಲಿಲ್ಲ. 1920ರ ಕಾಯಿದೆ ನಿಯಂತ್ರಣವನ್ನು ಉಳಿಸಿಕೊಂಡೇ 40%ರವರೆಗೆ ಏರಿಕೆಗೆ ಅವಕಾಶ ಕೊಟ್ಟಿತು. ಗ್ಲಾಸ್ಗೋ ಪಕ್ಕದ ಕ್ಲೈಡ್‌ಬ್ಯಾಂಕ್‌ನಲ್ಲಿ ಬಾಡಿಗೆದಾರರು ಅದನ್ನು ಕೊಡಲು ನಿರಾಕರಿಸಿದರು. ಹಳೆಯ ಕರಾರನ್ನು ಕೊನೆಗೊಳಿಸುವ ನೋಟಿಸು ಕೊಡದೆ ಬಾಡಿಗೆ ಏರಿಸುವಂತಿಲ್ಲ ಎಂಬ ಅವರ ವಾದವನ್ನು 1922ರಲ್ಲಿ, ಇಂಥ ದಾವೆಗಳಿಗೆ ಆಗ ಕೊನೆಯ ನ್ಯಾಯಾಲಯವೂ ಆಗಿದ್ದ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆ ಎತ್ತಿಹಿಡಿಯಿತು; ಆ ತೀರ್ಪಿನ ಬಲವನ್ನು ಕುಗ್ಗಿಸಲು ಪಾರ್ಲಿಮೆಂಟು ಮರುವರ್ಷವೇ ಹೊಸ ಕಾನೂನು ಮಾಡಿತು. ಕ್ಲೈಡ್‌ಬ್ಯಾಂಕ್‌ನ ಮುಷ್ಕರ ಎಳೆದಾಡುತ್ತ 1927ರವರೆಗೂ ನಡೆಯಿತು.